ಹಿರಿಯ ಗೆಳೆಯನಿಗೆ ಬೇಕೆಂದೇ ಸೋಲುವುದು ಸರಿಯಾ? ಚೆಕರ್ಸ್ ಆಡುವವರು, ಆಡದವರು ಎಲ್ಲರೂ ಹೇಳಿ

ಓಹಾಯೋ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ನಿಮ್ಮ ಮಾತು ಕೇಳಬೇಕು ಅನಿಸಿತು.

ನಾನಿರುವುದು ಅಮೆರಿಕದ ಕೊಲಂಬಸ್ ಊರಿನಲ್ಲಿ. ಇಲ್ಲಿ ವಾರಕ್ಕೊಂದು ಸಂಜೆ ನಾವು ಏಳೆಂಟು ಜನ ಸೇರಿ ಚೆಕರ್ಸ್ ಆಡುತ್ತೇವೆ. ನಾನೊಬ್ಬನೇ ಕನ್ನಡದವನು, ವಯಸ್ಸಿನಲ್ಲೂ ನಾನೇ ಚಿಕ್ಕವನು. ಉಳಿದವರೆಲ್ಲ ನಿವೃತ್ತರು. ಅವರಲ್ಲಿ ಇಬ್ಬರ ಜೋಡಿ ವಿಶೇಷ. ಒಬ್ಬರು ದೂರದೂರಕ್ಕೆ ಲಾರಿ ಓಡಿಸುತ್ತಿದ್ದವರು. ಇನ್ನೊಬ್ಬರು ಅಂಚೆ ಕಚೇರಿಯಲ್ಲಿದ್ದವರು, ಎಂಬತ್ತು ದಾಟಿದೆ. ಇಲ್ಲಿ ಅವರನ್ನು ಲಾರಿಯಣ್ಣ, ಅಂಚೆ ಅಜ್ಜ ಅನ್ನುತ್ತೇನೆ.

ಇಬ್ಬರೂ ದಶಕಗಳಿಂದ ಎದುರುಬದುರು ಕೂತವರು. ಗೆಲುವು ಸೋಲಿನ ಲೆಕ್ಕವನ್ನು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಬಾಯಿಗೆ ಬಿಡುವೇ ಇಲ್ಲ. "ಈ ನಡೆ ಆಡಿದ್ದನ್ನು ನಿನ್ನ ಮೊಮ್ಮಕ್ಕಳಿಗೆ ಹೇಳಬೇಡ" ಅಂತ ಒಬ್ಬರು. "ನಿನ್ನ ಲಾರಿಗೆ ರಿವರ್ಸ್ ಗೇರ್ ಇರಲಿಲ್ವಾ, ಯಾವಾಗಲೂ ಮುಂದೆ ಹೋಗಿ ಗುದ್ದುತ್ತೀಯಲ್ಲ" ಅಂತ ಇನ್ನೊಬ್ಬರು. ಮೊದಲ ಸಲ ನೋಡಿದವರು ಜಗಳ ಅಂದುಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಅಜ್ಜನ ಕೋಟನ್ನು ಹಿಡಿದುಕೊಂಡು ನಿಲ್ಲುವವರು ಮಾತ್ರ ಲಾರಿಯಣ್ಣನೇ.

ಕಳೆದ ಚಳಿಗಾಲದಿಂದ ಅಜ್ಜ ಸೋಲುತ್ತಲೇ ಇದ್ದರು. ಮೊದಲು ಎಂದೂ ಬಿಟ್ಟುಕೊಡದ ಕಾಯಿಗಳನ್ನು ಸುಮ್ನೆ ಬಿಟ್ಟುಕೊಡುತ್ತಿದ್ದರು. ಲಾರಿಯಣ್ಣ ನೋಡಿ ನೋಡಿ, ಒಂದು ದಿನ ಬೇಕೆಂದೇ ಸಡಿಲ ನಡೆ ಆಡಿದರು. ಅಜ್ಜ ಗೆದ್ದರು. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಟೋಪಿ ಹಾಕಿಕೊಂಡು ಹೊರಟುಹೋದರು. ಆಮೇಲೆ ಕೂಟಕ್ಕೆ ಬಂದಿಲ್ಲ.

ಲಾರಿಯಣ್ಣ ಮಾಡಿದ್ದು ಪ್ರೀತಿಯಿಂದ. ಅಜ್ಜನಿಗೆ ನೋವಾದದ್ದೂ ನಿಜ. ನನಗೆ ಇಬ್ಬರೂ ಬೇಕಾದವರು. ನೀವಾದರೆ ಏನು ಮಾಡುತ್ತಿದ್ದಿರಿ?

ಮೈಸೂರು ಜಗಲಿ

ನನ್ನ ಉತ್ತರ ಒಂದೇ ಸಾಲು. ಬೇಕೆಂದು ಸೋಲಬಾರದು, ಅದರಲ್ಲೂ ಎದುರಿಗಿರುವವರು ಆಟ ಬಲ್ಲವರಾದರೆ.

ಈಗ ಉದ್ದದ ಉತ್ತರ. ನಮ್ಮ ಅಜ್ಜಿ ಹುಲಿ ಕುರಿ ಆಟದಲ್ಲಿ ಪಳಗಿದವರು. ಮೂರು ಹುಲಿ, ಹದಿನೈದು ಕುರಿ. ನಿಮ್ಮ ಚೆಕರ್ಸ್‌ನಂತೆಯೇ ಹುಲಿ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಜಾಗಕ್ಕೆ ಬಿದ್ದರೆ ಕುರಿ ಸತ್ತಂತೆ. ಆದರೆ ಕುರಿ ಹಾರುವಂತಿಲ್ಲ, ಸುತ್ತುವರಿದು ಹುಲಿಯನ್ನು ಕಟ್ಟಿಹಾಕಬೇಕು. ಮೊಮ್ಮಕ್ಕಳು ಅಂತ ಅಜ್ಜಿ ಒಂದು ಕುರಿಯನ್ನೂ ಬಿಟ್ಟುಕೊಡುತ್ತಿರಲಿಲ್ಲ. ಸೋತು ಅತ್ತರೆ "ಅಳು ಮುಗಿಸಿ ಬಾ, ಕಾಯಿ ಜೋಡಿಸಿರುತ್ತೇನೆ" ಅನ್ನುತ್ತಿದ್ದರು. ಅವರ ವಿರುದ್ಧ ಮೊದಲ ಸಲ ಗೆದ್ದಾಗ ನನಗೆ ಆದ ಸಂತೋಷ ಈಗಲೂ ಹಾಗೇ ಇದೆ. ಅದು ಬಿಟ್ಟುಕೊಟ್ಟ ಗೆಲುವಲ್ಲ ಅಂತ ಖಾತ್ರಿಯಿದ್ದುದರಿಂದಲೇ ಆ ಸಂತೋಷ.

ನಮ್ಮ ಊರಿಗೆ ಹಾಸಿನ ಆಟಗಳ ಹುಚ್ಚು ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕೂತು ಹೊಸ ಹೊಸ ಆಟಗಳನ್ನೇ ಕಟ್ಟಿದವರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಆಟಗಳ ಚಿತ್ರಗಳಿವೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಡೆಸುವ ಕ್ರೀಡಾ ಕೌಶಲ್ಯ ಪ್ರದರ್ಶನಕ್ಕೆ ಹೋದಾಗ ಚೌಕಾಬಾರದ ಹಾಸಿನ ಮುಂದೆ ಅಪರಿಚಿತರು ಕೂತು ಐದೇ ನಿಮಿಷದಲ್ಲಿ ಒಬ್ಬರ ಕಾಲು ಒಬ್ಬರು ಎಳೆಯುವುದನ್ನು ನೋಡಿದ್ದೇನೆ. ಎದುರಾಳಿ ಮನಸ್ಸಿಟ್ಟು ಆಡಿದರೆ ಮಾತ್ರ ಆ ಸಲಿಗೆ ಬರುತ್ತದೆ.

ಮಾಳಮಡ್ಡಿ

ಮೈಸೂರು ಜಗಲಿಯವರೇ, ನಿಮ್ಮ ಮಾತು ಎಲ್ಲ ಮನೆಗೂ ಹೊಂದುವುದಿಲ್ಲ.

ನಮ್ಮ ತಾಯಿಗೆ ಮರೆವಿನ ಕಾಯಿಲೆ. ಮೊದಲು ಪಗಡೆಯಲ್ಲಿ ಅವರನ್ನು ಸೋಲಿಸುವವರು ಓಣಿಯಲ್ಲೇ ಇರಲಿಲ್ಲ. ಈಗ ಕಾಯಿ ಯಾವುದು ತಮ್ಮದು ಅನ್ನುವುದೂ ಮರೆಯುತ್ತದೆ. ನಾನು ದಿನಾ ಸೋಲುತ್ತೇನೆ, ಬೇಕೆಂದೇ ಸೋಲುತ್ತೇನೆ. ಅವರು ನಕ್ಕರೆ ನನಗೆ ಅಷ್ಟೇ ಸಾಕು. ಇದನ್ನು ಯಾರಾದರೂ ತಪ್ಪು ಅಂದರೆ ನಾನು ಒಪ್ಪುವುದಿಲ್ಲ ರೀ.

ಮೈಸೂರು ಜಗಲಿ

ಅಕ್ಕಾ, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ನೀವು ಅಲ್ಲಿ ಅಮ್ಮನ ಜೊತೆ ಕಾಲ ಕಳೆಯುತ್ತಿದ್ದೀರಿ, ಪಗಡೆ ಒಂದು ನೆಪ. ಅಂಚೆ ಅಜ್ಜನ ವಿಷಯ ಬೇರೆ. ಅವರಿಗೆ ತಮ್ಮನ್ನು ಗೆಲ್ಲಿಸಿದರು ಅಂತ ತಿಳಿದಿದೆ. ತಿಳಿಯುವ ಮನುಷ್ಯನಿಗೆ ಹಾಗೆ ಮಾಡಬಾರದು ಅನ್ನುವುದಷ್ಟೇ ನನ್ನ ವಾದ.

ಬೆಣ್ಣೆದೋಸೆ

ನಾನು ದಾವಣಗೆರೆ. ಚೆಕರ್ಸ್ ಗೊತ್ತಿಲ್ಲ, ಚೆಸ್ ಹಾಸಿನ ಡಬ್ಬಿಯಲ್ಲಿ ದುಂಡನೆಯ ಕಾಯಿಗಳು ಬರುತ್ತವಲ್ಲ, ಅದೇ ಅಲ್ವಾ? ನನ್ನ ಪ್ರಶ್ನೆ, ಬೇಕೆಂದೇ ಸೋತದ್ದು ಅಜ್ಜನಿಗೆ ಹೇಗೆ ಗೊತ್ತಾಯಿತು? ಯಾರಾದರೂ ತಪ್ಪು ನಡೆ ಆಡಬಹುದಲ್ಲ.

ಓಹಾಯೋ ಕನ್ನಡಿಗ

ಹೌದು, ಅದೇ ಆಟ. ಇಬ್ಬರಿಗೂ 12 ಕಾಯಿ. 64 ಮನೆಗಳಲ್ಲಿ ಕಪ್ಪು ಬಣ್ಣದ 32ರಲ್ಲಿ ಮಾತ್ರ ಆಟ. ಕಾಯಿ ಓರೆಯಾಗಿ ಮುಂದಕ್ಕೆ ಒಂದು ಮನೆ ಹೋಗುತ್ತದೆ. ಆ ತುದಿ ಮುಟ್ಟಿದರೆ ರಾಜ, ಆಮೇಲೆ ಹಿಂದಕ್ಕೂ ಬರಬಹುದು.

ಈ ಆಟದ ಗುಟ್ಟು ಒಂದು ನಿಯಮದಲ್ಲಿದೆ. ಕಡಿಯುವ ಅವಕಾಶ ಇದ್ದರೆ ಕಡಿಯಲೇಬೇಕು, ಬೇಡ ಅನ್ನುವಂತಿಲ್ಲ. ಅದಕ್ಕೇ ಇಲ್ಲಿ ಒಂದು ಕಾಯಿಯನ್ನು ಎದುರಾಳಿಯ ಬಾಯಿಗೆ ಇಟ್ಟು, ಅವನು ಅದನ್ನು ಕಡಿದು ಹೋಗಿ ಕೂರುವ ಜಾಗವನ್ನು ಮೊದಲೇ ಲೆಕ್ಕ ಹಾಕಿ, ಒಂದೇ ನಡೆಯಲ್ಲಿ ಅವನ ಎರಡು ಮೂರು ಕಾಯಿ ಹಾರಿಸುತ್ತಾರೆ. ಹಳೇ ಕಾಲದಲ್ಲಿ ಕಡಿಯುವುದನ್ನು ಮರೆತರೆ ಎದುರಾಳಿ ಆ ಕಾಯಿಯನ್ನೇ ಎತ್ತಿಬಿಡಬಹುದಿತ್ತು. ಈಗ ಪಂದ್ಯಗಳಲ್ಲಿ ಆ ದಂಡ ಇಲ್ಲ, ಕಡಿಯಲೇಬೇಕು ಅಷ್ಟೇ.

ಇನ್ನು ನಿಮ್ಮ ಪ್ರಶ್ನೆ. ಹಿಂದಿನ ಸಾಲಿನ ಕಾಯಿಗಳಲ್ಲಿ ಎರಡನ್ನು ಒಂದು ಮನೆ ಬಿಟ್ಟು ಕದಲಿಸದೆ ಇಟ್ಟರೆ ಎದುರಾಳಿ ಸುಲಭವಾಗಿ ರಾಜ ಮಾಡಿಕೊಳ್ಳಲಾರ. ಅದನ್ನು ಸೇತುವೆ ಅನ್ನುತ್ತಾರೆ. ಲಾರಿಯಣ್ಣ ಸೇತುವೆಯನ್ನು ಕೊನೆಯವರೆಗೂ ಕಾಯುವ ಮನುಷ್ಯ. ಆ ದಿನ ಆಟದ ನಡುವೆಯೇ, ಯಾವ ಕಾರಣವೂ ಇಲ್ಲದೆ ಅದನ್ನು ಬಿಚ್ಚಿದರು. ಇಷ್ಟು ವರ್ಷ ಎದುರಿಗೆ ಕೂತವರಿಗೆ ಅದು ಗೊತ್ತಾಗದೇ ಇರುತ್ತದಾ? ಹೆಂಡತಿ ಮಕ್ಕಳಿಗಿಂತ ಚೆನ್ನಾಗಿ ಅವರ ಕೈಯನ್ನು ಅಜ್ಜ ಬಲ್ಲರು.

ಬೆಣ್ಣೆದೋಸೆ

ಅರ್ಥವಾಯಿತು. ಇನ್ನೊಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಅಜ್ಜ "ಸುಮ್ನೆ ಬಿಟ್ಟುಕೊಡುತ್ತಿದ್ದರು" ಅಂದಿರಲ್ಲ. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿದೆಯಾ? ಕಪ್ಪು ಮನೆಯ ಮೇಲೆ ಕಪ್ಪು ಕಾಯಿ ಇಟ್ಟರೆ ಸಂಜೆ ದೀಪದಲ್ಲಿ ನನಗೇ ಕಾಣಲಿಕ್ಕಿಲ್ಲ. ನಮ್ಮ ಮಾವನವರು ಪೊರೆ ತೆಗೆಸುವ ಮುಂಚೆ ತಟ್ಟೆಯಲ್ಲಿ ಬದನೆಕಾಯಿ ಪಲ್ಯ ಇದೆಯೋ ಇಲ್ಲವೋ ಅಂತ ಕೇಳುತ್ತಿದ್ದರು.

ಗಣಕ ಮೇಷ್ಟ್ರು

ಕೊಲಂಬಸ್ ಅಂದಕೂಡಲೇ ಬರೆಯಲೇಬೇಕು ಅನಿಸಿತು. ನಾನು ತುಮಕೂರಿನ ಕಡೆ ಕಂಪ್ಯೂಟರ್ ಸೈನ್ಸ್ ಕಲಿಸುತ್ತೇನೆ. ಪ್ರತಿ ವರ್ಷ ಮಕ್ಕಳಿಗೆ ಚೆಕರ್ಸ್ ಆಡುವ ಚಿನೂಕ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂನ ಕಥೆ ಹೇಳುತ್ತೇನೆ. ಕನ್ನಡಿಗರೇ, ನಿಮ್ಮ ಪ್ರಶ್ನೆಗೆ ಉತ್ತರ ಆ ಕಥೆಯಲ್ಲಿದೆ ಅಂತ ನನ್ನ ನಂಬಿಕೆ.

ಚೆಕರ್ಸ್ ಆಟಗಾರ ಮೇರಿಯನ್ ಟಿನ್ಸ್ಲಿ ನಿಮ್ಮದೇ ಓಹಾಯೋದವರು. 1927ರಲ್ಲಿ ಐರನ್‌ಟನ್ ಊರಿನಲ್ಲಿ ಹುಟ್ಟಿದ್ದು. ಅವರು ಹುಡುಗನಾಗಿದ್ದಾಗ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ವಯಸ್ಸಾದ ಹೆಂಗಸು ಚೆಕರ್ಸ್ ಆಡಿಸುತ್ತಿದ್ದರಂತೆ. ಅವನ ಕಾಯಿ ಕಡಿದಾಗಲೆಲ್ಲ ಗಹಗಹಿಸಿ ನಗುತ್ತಿದ್ದರು. ಹುಡುಗನಿಗೆ ರೋಷ. ಮುಂದೆ ಗ್ರಂಥಾಲಯದಲ್ಲಿ ಚೆಕರ್ಸ್ ಪುಸ್ತಕ ಕೈಗೆ ಸಿಕ್ಕಾಗ, ಆಕೆಯನ್ನು ಸೋಲಿಸಬೇಕು ಅಂತಲೇ ಓದಲು ಕೂತ. ಆಕೆಯ ಎದುರು ಮತ್ತೆ ಕೂರುವ ಅವಕಾಶ ಅವನಿಗೆ ಸಿಗಲೇ ಇಲ್ಲ. ಆದರೆ ಆ ನಗುವೇ ಅವನನ್ನು ಜಗತ್ತಿನ ಅತಿ ದೊಡ್ಡ ಆಟಗಾರನನ್ನಾಗಿ ಮಾಡಿತು.

ಟಿನ್ಸ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿದ್ದು ನಿಮ್ಮ ಕೊಲಂಬಸ್‌ನ ಓಹಾಯೋ ಸ್ಟೇಟ್‌ನಲ್ಲೇ. ಆಮೇಲೆ ಫ್ಲೋರಿಡಾದಲ್ಲಿ ಪ್ರೊಫೆಸರ್, ಜೊತೆಗೆ ಚರ್ಚಿನಲ್ಲಿ ಬೋಧಕ. 1955ರಲ್ಲಿ ವಿಶ್ವ ಚಾಂಪಿಯನ್. 1958ರಲ್ಲಿ ಪಟ್ಟ ಬಿಟ್ಟು ದೂರ ಹೋದರು. 1975ರಿಂದ ಮತ್ತೆ ಅವರೇ. 1950ರಿಂದ ಸಾಯುವವರೆಗೆ ಅವರು ಸೋತ ಆಟಗಳನ್ನು ಬೆರಳಲ್ಲಿ ಎಣಿಸಬಹುದು.

ಇಂಥ ಮನುಷ್ಯನಿಗೆ ಏನು ಕೊರತೆ? ಕೊರತೆ ಇತ್ತು. ಎಲ್ಲರಿಗೂ ಅವರ ಮೇಲೆ ಭಯ, ಗೌರವ. ಎದುರಿಗೆ ಕೂತವರು ಗೆಲ್ಲಲು ಆಡುತ್ತಲೇ ಇರಲಿಲ್ಲ. ಹೇಗಾದರೂ ಡ್ರಾ ಆದರೆ ಸಾಕು ಅಂತ ಮುದುಡಿ ಆಡುತ್ತಿದ್ದರು. ಆಟ ಅವರಿಗೆ ಬೇಸರವಾಗತೊಡಗಿತು.

ಅಷ್ಟರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಶೇಫರ್ 1989ರಲ್ಲಿ ಚಿನೂಕ್ ಅನ್ನುವ ಪ್ರೋಗ್ರಾಂ ಬರೆಯಲು ಶುರುಮಾಡಿದರು. ಪ್ರೋಗ್ರಾಂಗೆ ಭಯ ಎಲ್ಲಿಂದ ಬರಬೇಕು? ಟಿನ್ಸ್ಲಿಯ ಮೇಲೆಯೇ ಏರಿ ಹೋಯಿತು. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ, ಕೇಳಿ. 1990ರ ಅಮೆರಿಕದ ರಾಷ್ಟ್ರೀಯ ಪಂದ್ಯದಲ್ಲಿ ಟಿನ್ಸ್ಲಿ ಮೊದಲು, ಚಿನೂಕ್ ಎರಡನೆಯದು. ವಿಶ್ವ ಪಟ್ಟಕ್ಕೆ ಸವಾಲು ಹಾಕುವ ಹಕ್ಕು ಅದಕ್ಕೆ ಬಂತು. ಯಂತ್ರಕ್ಕೆ ಪಟ್ಟದ ಪಂದ್ಯ ಕೊಡಲು ಸಂಘಗಳು ಒಪ್ಪಲಿಲ್ಲ. ಆಗ ಟಿನ್ಸ್ಲಿ ತಮ್ಮ ಪಟ್ಟಕ್ಕೇ ರಾಜೀನಾಮೆ ಕೊಟ್ಟು, ನಾನು ಇದರ ಜೊತೆ ಆಡಿಯೇ ಆಡುತ್ತೇನೆ ಅಂತ ನಿಂತರು. ಕೊನೆಗೆ ಸಂಘಗಳು ಮನುಷ್ಯ ಮತ್ತು ಯಂತ್ರದ ನಡುವೆ ಅಂತ ಬೇರೆ ಪಟ್ಟವನ್ನೇ ಮಾಡಬೇಕಾಯಿತು.

1992ರಲ್ಲಿ ಲಂಡನ್‌ನಲ್ಲಿ ಪಂದ್ಯ ನಡೆಯಿತು. ಟಿನ್ಸ್ಲಿ 4 ಗೆಲುವು, ಚಿನೂಕ್ 2, ಉಳಿದ 33 ಡ್ರಾ. ಟಿನ್ಸ್ಲಿಗೆ ಆಗ 65. ಅವರು ಶೇಫರ್‌ಗೆ ಮಾತಿನ ಪೆಟ್ಟನ್ನೂ ಕೊಡುತ್ತಿದ್ದರು. ಚಿನೂಕ್‌ಗಿಂತ ನನ್ನ ಪ್ರೋಗ್ರಾಮರ್ ದೊಡ್ಡವನು, ಅದನ್ನು ಬರೆದದ್ದು ಜೊನಾಥನ್, ನನ್ನನ್ನು ಬರೆದದ್ದು ದೇವರು ಅನ್ನುತ್ತಿದ್ದರು. ಅದಕ್ಕೂ ಮೊದಲು ಎಡ್ಮಂಟನ್‌ನ ಸ್ನೇಹದ ಪಂದ್ಯದಲ್ಲಿ ಚಿನೂಕ್ ಹತ್ತನೇ ನಡೆ ಆಡಿ ಶೇಫರ್ ಕಾಯಿಯಿಂದ ಕೈ ತೆಗೆದ ಕೂಡಲೇ, ಇದಕ್ಕೆ ಪಶ್ಚಾತ್ತಾಪ ಪಡುತ್ತೀರಿ ಅಂದರಂತೆ. ಅದೇ ಆಟದಲ್ಲಿ ಚಿನೂಕ್ ಸೋತಿತು.

1994ರಲ್ಲಿ ಬೋಸ್ಟನ್‌ನಲ್ಲಿ ಮರುಪಂದ್ಯ. ಆರು ಆಟ ಡ್ರಾ ಆದ ಮೇಲೆ ಟಿನ್ಸ್ಲಿ ಅನಾರೋಗ್ಯದಿಂದ ಹಿಂದೆ ಸರಿದರು. ಕ್ಯಾನ್ಸರ್ ಅಂತ ಗೊತ್ತಾಯಿತು. 1995ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಪಂದ್ಯದ ಮುಂಚೆ ಅವರು ಶೇಫರ್‌ಗೆ ಹೇಳಿದ ಕನಸೊಂದಿದೆ. ಕನಸಿನಲ್ಲಿ ದೇವರು ಬಂದು, ನನಗೆ ಜೊನಾಥನ್ ಕೂಡ ಇಷ್ಟ ಅಂದನಂತೆ. ಈ ಸಾಲನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಎದುರಾಳಿಯನ್ನು ಅಷ್ಟು ಹಚ್ಚಿಕೊಂಡಿದ್ದರು.

ಅದಕ್ಕೇ ಹೇಳುತ್ತೇನೆ. ಅಂಚೆ ಅಜ್ಜನಿಗೆ ಗೆಲುವು ಬೇಕಾಗಿರಲಿಲ್ಲ, ಲಾರಿಯಣ್ಣ ಬೇಕಾಗಿದ್ದರು. ಆ ದಿನ ಎದುರಿಗೆ ಕೂತವರು ಲಾರಿಯಣ್ಣ ಆಗಿರಲಿಲ್ಲ.

ಮಾಳಮಡ್ಡಿ

ಮೇಷ್ಟ್ರೇ, ಎರಡು ಸಲ ಓದಿದೆ. ಒಂದು ಸಂಶಯ. ಕೊನೆಗೆ ಕಂಪ್ಯೂಟರ್ ಈ ಆಟವನ್ನು ಪೂರ್ತಿ ಬಿಡಿಸಿಬಿಟ್ಟಿತು ಅಂತ ಕೇಳಿದ್ದೇನೆ. ಮತ್ತೆ ಯಾಕೆ ಆಡುತ್ತಾರೆ?

ಗಣಕ ಮೇಷ್ಟ್ರು

ನಿಜ. 2007ರಲ್ಲಿ ಶೇಫರ್ ಮತ್ತು ಅವರ ತಂಡ ಸಾಧಿಸಿ ತೋರಿಸಿದರು. ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೆ ಚೆಕರ್ಸ್ ಡ್ರಾ. ಈ ಆಟದಲ್ಲಿ ಬರಬಹುದಾದ ಸ್ಥಿತಿಗಳು ಸುಮಾರು 5ರ ಮುಂದೆ 20 ಸೊನ್ನೆ ಹಾಕಿದಷ್ಟು. ಅವರು ಅಷ್ಟನ್ನೂ ನೋಡಲಿಲ್ಲ. ಹಾಸಿನ ಮೇಲೆ 10 ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕ ಹಾಕಿಟ್ಟು, ಆಟದ ಆರಂಭದಿಂದ ಅಲ್ಲಿಗೆ ದಾರಿ ಜೋಡಿಸಿದರು. ಹಿಂದುಮುಂದು ಸೇರಿ 18 ವರ್ಷದ ಕೆಲಸ.

ಆದರೆ ಅಷ್ಟು ನೆನಪಿಟ್ಟುಕೊಂಡು ಆಡುವ ಮನುಷ್ಯ ಯಾರಿದ್ದಾರೆ? ನಾವು ಎದುರಿಗಿರುವವರ ತಪ್ಪನ್ನು ಕಾಯುತ್ತೇವೆ, ಅವರು ನಮ್ಮದನ್ನು ಕಾಯುತ್ತಾರೆ. ಅದನ್ನು ಯಾವ ಯಂತ್ರವೂ ಮುಗಿಸಿಲ್ಲ.

ಕ್ಲೈಡ್ ದಡದಿಂದ

ಗ್ಲಾಸ್ಗೋದಿಂದ ಬರೆಯುತ್ತಿದ್ದೇನೆ, ಮೂಲ ಊರು ಶಿರಸಿ. ಇಲ್ಲಿ ಚೆಕರ್ಸ್‌ಗೆ ಡ್ರಾಫ್ಟ್ಸ್ ಅನ್ನುತ್ತಾರೆ. ಈ ಆಟದ ದೊಡ್ಡ ಜಿದ್ದು ಶುರುವಾದದ್ದೇ ಇಲ್ಲಿಯ ಸುತ್ತಮುತ್ತ.

ಕಾರ್ಲೂಕ್ ಅನ್ನುವ ಊರು ಗ್ಲಾಸ್ಗೋದಿಂದ ದೂರವಿಲ್ಲ. ಅಲ್ಲಿಯ ನೇಕಾರ ಆಂಡ್ರ್ಯೂ ಆಂಡರ್ಸನ್. ಎದುರಾಳಿ ಜೇಮ್ಸ್ ವೈಲಿ, ದನ ಹೊಡೆದುಕೊಂಡು ಬಂದ ಹುಡುಗ ಅಂತ ಅಡ್ಡಹೆಸರು. ಇಬ್ಬರೂ ಮತ್ತೆ ಮತ್ತೆ ಪಂದ್ಯ ಕಟ್ಟಿ ಆಡಿದರು. 1847ರಲ್ಲಿ ಆಂಡರ್ಸನ್ ಗೆದ್ದದ್ದನ್ನು ಮೊದಲ ವಿಶ್ವ ಪಟ್ಟ ಅಂತ ಎಣಿಸುತ್ತಾರೆ. ವೈಲಿ ಆಮೇಲೆ ದಶಕಗಳ ಕಾಲ ದೇಶ ದೇಶ ಸುತ್ತಿ ಆಡಿದರು. ಅರಮನೆಯವರಲ್ಲ, ಶ್ರೀಮಂತರಲ್ಲ. ನೇಯುವವರು, ಚಪ್ಪಲಿ ಹೊಲಿಯುವವರು, ಗಣಿಯಲ್ಲಿ ದುಡಿಯುವವರು ಸಂಜೆ ಕೂತು ಬೆಳೆಸಿದ ಆಟ ಇದು.

ಆರಂಭದ ನಡೆಗಳಿಗೆ ಅವರಿಟ್ಟ ಹೆಸರುಗಳು ಈಗಲೂ ಇವೆ. ಒಂದಕ್ಕೆ ಚಮ್ಮಾರ ಅಂತ, ಪೇಸ್ಲಿ ಊರಿನ ಒಬ್ಬ ಚಪ್ಪಲಿ ಹೊಲಿಯುವವನಿಗೆ ಅದು ಇಷ್ಟವಾಗಿತ್ತಂತೆ. ಒಂದಕ್ಕೆ ಯಜಮಾನ ಯಜಮಾನಿ ಅಂತ. ಒಂದಕ್ಕೆ ಗ್ಲಾಸ್ಗೋ. ಒಂದು ಹಳೆಯ ಪುಸ್ತಕದಲ್ಲಿ ಹದಿನಾಲ್ಕನೇ ಆಟವಾಗಿ ಬಂದದ್ದಕ್ಕೆ ಹಳೇ ಹದಿನಾಲ್ಕು ಅಂತ. ಊರಿನ ಗೆಳೆಯ ಯಾವಾಗಲೂ ಹೀಗೇ ಶುರುಮಾಡುತ್ತಾನೆ ಅಂತ ನಗುತ್ತಾ ಇಟ್ಟ ಹೆಸರುಗಳು ವಿಶ್ವ ಪಂದ್ಯದವರೆಗೂ ಹೋದವು. ನನಗೆ ಇದು ಬಹಳ ಇಷ್ಟ.

ಒಂದು ತೊಂದರೆಯೂ ಆಯಿತು. ಚೆನ್ನಾಗಿ ಬಲ್ಲವರು ತಮಗೆ ಅಭ್ಯಾಸವಿದ್ದ ಅದೇ ದಾರಿಯಲ್ಲಿ ಆಡಿ ಸಾಲು ಸಾಲು ಡ್ರಾ ಮಾಡಿಕೊಳ್ಳತೊಡಗಿದರು. ಅದಕ್ಕೇ ಮೊದಲ ನಡೆಗಳನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ ಬಂತು. ಮೊದಲು ಎರಡು ನಡೆ, 1934ರಿಂದ ಅಮೆರಿಕದಲ್ಲಿ ಮೂರು ನಡೆ. ಒಂದು ಸಲ ಕಪ್ಪು, ಒಂದು ಸಲ ಬಿಳಿ ಹಿಡಿದು ಅದೇ ಚೀಟಿಯನ್ನು ಇಬ್ಬರೂ ಆಡಬೇಕು. ಯಾರಿಗೂ ಅನ್ಯಾಯವಿಲ್ಲ, ಯಾರಿಗೂ ಆರಾಮವೂ ಇಲ್ಲ.

ಪೊಟೊಮ್ಯಾಕ್

ಕಾಲೆಳೆಯುವ ವಿಷಯ ಬಂತಲ್ಲ, ನಾನು ವಾಷಿಂಗ್ಟನ್ ಪಕ್ಕದಲ್ಲಿದ್ದೇನೆ. ಇಲ್ಲಿ ಕಪ್ಪು ಜನಾಂಗದ ಹಿರಿಯರು ಆಡುವುದು ಬೇರೆ ಬಗೆ, ಪೂಲ್ ಚೆಕರ್ಸ್. ಹಾಸು ಅದೇ, ಕಾಯಿ ಅಷ್ಟೇ. ಆದರೆ ಸಾಮಾನ್ಯ ಕಾಯಿ ಕೂಡ ಹಿಂದಕ್ಕೆ ಹಾರಿ ಕಡಿಯಬಹುದು. ರಾಜ ಎಷ್ಟು ಮನೆ ಬೇಕಾದರೂ ಹಾರಿ ಹೋಗಬಹುದು. ಒಬ್ಬರ ಬಳಿ ಮೂರು ರಾಜ, ಇನ್ನೊಬ್ಬರ ಬಳಿ ಒಂದೇ ರಾಜ ಉಳಿದರೆ 13 ನಡೆಯೊಳಗೆ ಗೆಲ್ಲಬೇಕು, ಇಲ್ಲದಿದ್ದರೆ ಡ್ರಾ. ಆಗ ಸುತ್ತ ನಿಂತವರು ಜೋರಾಗಿ ನಡೆ ಎಣಿಸುತ್ತಾರೆ!

ಅವರ ಕೂಟದಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರು. ಕಾಯಿಯನ್ನು ಟಪ್ ಅಂತ ಹಾಸಿನ ಮೇಲೆ ಬಡಿಯುವುದು, ಸೋತವನು ಎದ್ದು ಜಾಗ ಬಿಡುವುದು, ಗೆದ್ದವನು ಮುಂದಿನವನನ್ನು ಕರೆಯುವುದು. ಹೊಸಬನಿಗೆ ಯಾರೂ ಏನೂ ಅನ್ನುವುದಿಲ್ಲ, ಮರ್ಯಾದೆಯಿಂದ ಮಾತಾಡುತ್ತಾರೆ. ಆಟ ಕಲಿತು, ಒಂದೆರಡು ಸಲ ಗೆದ್ದ ಮೇಲೆ ಬೈಗುಳ ಶುರು. ಬೈದರು ಅಂದರೆ ಸೇರಿಸಿಕೊಂಡರು ಅಂತ ಅರ್ಥ.

ಇನ್ನೊಂದು ಸಂಗತಿ ಹೇಳಬೇಕು. ಪೂಲ್ ಚೆಕರ್ಸ್ ನಿಯಮಗಳು ಶಾಶ್ಕಿಗೆ, ಅಂದರೆ ರಷ್ಯನ್ನರ ಚೆಕರ್ಸ್‌ಗೆ, ಬಹಳ ಹತ್ತಿರ. ಸೋವಿಯತ್ ಒಕ್ಕೂಟದ ಇಸೆರ್ ಕುಪರ್ಮನ್ 100 ಮನೆಯ ಡ್ರಾಫ್ಟ್ಸ್‌ನಲ್ಲಿ ಏಳು ಸಲ ವಿಶ್ವ ಚಾಂಪಿಯನ್. ಅವರು 1970ರ ದಶಕದ ಕೊನೆಯಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಬಂದರು. ಬಂದವರು ಪೂಲ್ ಚೆಕರ್ಸ್ ಪಂದ್ಯಗಳಿಗೆ ಬಂದು ಕೂತರು. ಶೀತಲ ಸಮರದ ಕಾಲ. ಒಂದು ಕಡೆ ಸೋವಿಯತ್ ಚಾಂಪಿಯನ್, ಇನ್ನೊಂದು ಕಡೆ ದಕ್ಷಿಣದ ಹಳ್ಳಿಗಳಲ್ಲಿ ಅಪ್ಪಂದಿರಿಂದ ಆಟ ಕಲಿತ ಕಪ್ಪು ಜನ. ಅವರಿಗಿದ್ದ ಪರಿಚಯವೆಲ್ಲ ಹಾಸಿನ ಮೂಲಕ ಆದದ್ದೇ.

ಮಾಳಮಡ್ಡಿ

ಓದಲು ಚೆನ್ನಾಗಿದೆ. ಆದರೆ ಬೈಗುಳ ಎಲ್ಲರಿಗೂ ತಡೆಯುವುದಿಲ್ಲ. ನನ್ನ ಮಗ ಕೇರಂ ಆಡುತ್ತಿದ್ದ ಕಡೆ ಹಿರಿಯ ಹುಡುಗರು ಅವನ ತೊದಲು ಮಾತನ್ನು ಆಡಿಕೊಂಡರು. ಅವನು ಸ್ಟ್ರೈಕರ್ ಮುಟ್ಟುವುದನ್ನೇ ಬಿಟ್ಟ. ಅವರೂ ತಮಾಷೆ ಅಂತಲೇ ಹೇಳಿದರು.

ಪೊಟೊಮ್ಯಾಕ್

ಅದು ತಮಾಷೆ ಅಲ್ಲವೇ ಅಲ್ಲ ಮೇಡಂ. ಇಲ್ಲಿಯ ಹಿರಿಯರು ಆಡಿಕೊಳ್ಳುವುದು ಆಡಿದ ನಡೆಯನ್ನು. ಮನುಷ್ಯನ ಮೈ, ಮಾತು, ಮನೆತನದ ತಂಟೆಗೆ ಹೋದರೆ ಅಲ್ಲೇ ತಡೆಯುತ್ತಾರೆ. ಲಾರಿಯಣ್ಣ, ಅಂಚೆ ಅಜ್ಜನ ಮಾತನ್ನೇ ನೋಡಿ. ಲಾರಿ, ಗೇರ್, ನಡೆ. ಅಷ್ಟರೊಳಗೇ ಇದೆ. ನಿಮ್ಮ ಮಗನಿಗೆ ಬೇರೆ ಕೂಟ ಸಿಗಲಿ ಅಂತ ಮನಸಾರೆ ಹಾರೈಸುತ್ತೇನೆ.

ಮೈಸೂರು ಜಗಲಿ

ಪೊಟೊಮ್ಯಾಕ್ ಅವರ ಮಾತಿಗೆ ನನ್ನದೂ ಸಹಿ. ಅಕ್ಕಾ, ಮಗನನ್ನು ರಜೆಯಲ್ಲಿ ಮೈಸೂರಿಗೆ ಕರೆತನ್ನಿ. ಚೌಕಾಬಾರ ಹಾಸು ಬರೆದಿಟ್ಟಿರುತ್ತೇನೆ.

ಓಹಾಯೋ ಕನ್ನಡಿಗ

ಎಲ್ಲರಿಗೂ ಮೊದಲು ಧನ್ಯವಾದ. ಸುದ್ದಿ ಇದೆ.

ಬೆಣ್ಣೆದೋಸೆಯವರ ಪ್ರಶ್ನೆ ಓದಿದ ಮೇಲೆ ನಿದ್ದೆ ಬರಲಿಲ್ಲ. ನಾವು ಆಡುವುದು ಕೆಂಪು ಕಪ್ಪು ಮನೆಯ ಹಾಸಿನ ಮೇಲೆ, ಕೆಂಪು ಕಪ್ಪು ಕಾಯಿ. ಅಂಗಡಿಯಲ್ಲಿ ಸಿಗುವುದು ಅದೇ. ಕಪ್ಪು ಮನೆ, ಕಪ್ಪು ಕಾಯಿ. ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲಾಗುವ ಊರು ಇದು. ಅಜ್ಜ ಸೋಲಲು ಶುರುಮಾಡಿದ್ದೂ ಆಗಲೇ. ದೊಡ್ಡ ಪಂದ್ಯಗಳಲ್ಲಿ ಹಸಿರು ಮತ್ತು ತಿಳಿ ಹಳದಿ ಮನೆಗಳ ಹಾಸು, ಕೆಂಪು ಮತ್ತು ಬಿಳಿ ಕಾಯಿ ಇಡುತ್ತಾರೆ. ಗಂಟೆಗಟ್ಟಲೆ ನೋಡಿದರೂ ಕಣ್ಣಿಗೆ ಹಿತ, ಕಾಯಿ ಎದ್ದು ಕಾಣುತ್ತದೆ.

ಲಾರಿಯಣ್ಣನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಥದ್ದೊಂದು ಹಾಸನ್ನು ಎಲ್ಲಿಂದಲೋ ಹುಡುಕಿ ತಂದು, ನೋಟ್‌ಬುಕ್ಕನ್ನೂ ಹಿಡಿದುಕೊಂಡು ಅಜ್ಜನ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಅಜ್ಜ ಬಾಗಿಲಲ್ಲೇ ಕೇಳಿದ್ದು ಒಂದೇ, "ಇವತ್ತು ಆಡಲು ಬಂದಿದ್ದೀಯಾ, ದಾನ ಕೊಡಲು ಬಂದಿದ್ದೀಯಾ?" ಲಾರಿಯಣ್ಣ, "ನೋಟ್‌ಬುಕ್ಕಿನಲ್ಲಿ ನಾನು ಹಿಂದಿದ್ದೇನೆ, ಲೆಕ್ಕ ಸರಿಮಾಡಲು ಬಂದೆ" ಅಂದರು. ಅಜ್ಜನ ಮುಖ ಸಡಿಲವಾಯಿತು.

ಮೊದಲ ಆಟ ಡ್ರಾ. ಎರಡನೆಯದು ಅಜ್ಜ ಸೋತರು. ಮೂರನೆಯದರಲ್ಲಿ ಒಂದು ಕಾಯಿ ಕೊಟ್ಟು ಮೂರು ಹಾರಿಸಿದರು. ನಾನು ಕಣ್ಣಾರೆ ನೋಡಿದೆ, ಲಾರಿಯಣ್ಣನಿಗೆ ಅದು ನಿಜವಾಗಲೂ ಕಾಣಲಿಲ್ಲ. ಅವರ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅಜ್ಜ ತಮ್ಮ ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕಣ್ಣಿನ ಡಾಕ್ಟರ ಹತ್ತಿರ ಹೋಗಲೂ ಒಪ್ಪಿದ್ದಾರೆ, ಲಾರಿಯಣ್ಣನೇ ಕರೆದುಕೊಂಡು ಹೋಗುತ್ತಾರೆ.

ವಯಸ್ಸಿನಿಂದ ಆಟ ಸ್ವಲ್ಪ ಕುಂದಿರುವುದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೂ ನಮ್ಮ ಓಹಾಯೋದಲ್ಲೇ ಟೊಲೀಡೊ ಊರಿನ ಏಸಾ ಲಾಂಗ್ ಇದ್ದರು. 1922ರಲ್ಲಿ 18ನೇ ವಯಸ್ಸಿಗೆ ಅಮೆರಿಕದ ಚಾಂಪಿಯನ್ ಆದವರು, 1984ರಲ್ಲಿ ಎಂಬತ್ತರ ಹೊಸ್ತಿಲಲ್ಲಿ ಮತ್ತೆ ಅದೇ ಪಟ್ಟ ಗೆದ್ದರು. ಅವರಿಗೆ ಯಾರೂ ಬಿಟ್ಟುಕೊಟ್ಟಿರಲಿಕ್ಕಿಲ್ಲ. ಈ ಹೆಸರನ್ನು ನನಗೆ ಹೇಳಿದ್ದೇ ಅಂಚೆ ಅಜ್ಜ.

ಬೆಣ್ಣೆದೋಸೆ

ಓದಿ ಕುಣಿದಾಡಿದೆ. ಪೊರೆ ಇದ್ದರೆ ಬೇಗ ತೆಗೆಸಲಿ, ಚಿಕ್ಕ ಆಪರೇಷನ್ ಅಂತ ಅಜ್ಜನಿಗೆ ಧೈರ್ಯ ಹೇಳಿ.

ಗಣಕ ಮೇಷ್ಟ್ರು

ಬಹಳ ಸಂತೋಷ. ಟಿನ್ಸ್ಲಿಯ ಕಥೆಗೆ ಒಂದು ತುಣುಕು ಸೇರಿಸುತ್ತೇನೆ. ಅವರು ಬೋಸ್ಟನ್‌ನಲ್ಲಿ ಹಿಂದೆ ಸರಿದಾಗ ಅವರ ಜಾಗದಲ್ಲಿ ಚಿನೂಕ್ ಎದುರು ಕೂತವರು ಕೆಂಟಕಿಯ ಡಾನ್ ಲ್ಯಾಫರ್ಟಿ. ಟಿನ್ಸ್ಲಿಯ ಆಪ್ತ ಗೆಳೆಯ, ಅವರದೇ ಪಟ್ಟಕ್ಕೆ ಸವಾಲು ಹಾಕಿದ್ದವರೂ ಹೌದು. ಆ ಪಂದ್ಯ ಸಮ ಆಯಿತು, ತಲಾ ಒಂದು ಗೆಲುವು, 18 ಡ್ರಾ. ಮರುವರ್ಷದ ಪಂದ್ಯದಲ್ಲಿ ಚಿನೂಕ್ ಒಂದೇ ಒಂದು ಆಟದಿಂದ ಮುಂದಾಯಿತು. ಕಾಯಿಲೆ ಬಿದ್ದ ಎದುರಾಳಿಯ ಜಾಗದಲ್ಲಿ ಹೋಗಿ ಕೂರಲು ಅವನ ಎದುರಾಳಿಯೇ ಬರಬೇಕಾಯಿತು ನೋಡಿ.

ಮೈಸೂರು ಜಗಲಿ

ಇಷ್ಟೆಲ್ಲ ಓದಿದ ಮೇಲೆ ನಾನೂ ಹಾಸು ತಂದಿದ್ದೇನೆ. ಮನೆಗಳಿಗೆ 1ರಿಂದ 32ರವರೆಗೆ ನಂಬರ್ ಬರೆದುಕೊಂಡಿದ್ದೇನೆ. ಓಹಾಯೋದವರೇ, ಇಲ್ಲೇ ಆಡೋಣ ಬನ್ನಿ. ಕಪ್ಪು ನೀವೇ ಹಿಡಿಯಿರಿ, ಮೊದಲ ನಡೆ ನಿಮ್ಮದು. ದಾನ ಬೇಡ.

ಓಹಾಯೋ ಕನ್ನಡಿಗ

11-15.

ಮೈಸೂರು ಜಗಲಿ

23-19. ಮೂಗಿನ ಮುಂದೆಯೇ ಬಂದು ನಿಂತಿದ್ದೇನೆ. ಕಡಿಯಿರಿ ನೋಡೋಣ.

ಓಹಾಯೋ ಕನ್ನಡಿಗ

ಹಿಂದೆ 24ರಲ್ಲಿ ನಿಮ್ಮದೇ ಕಾಯಿ ಇದೆ, ಹೇಗೆ ಹಾರಲಿ? ಹೊಸಬರು ಅಂತ ಹೇಳಿ ನಂಬಿಸಿದಿರಿ. 8-11.

ಮೈಸೂರು ಜಗಲಿ

22-17. ಹುಲಿ ಕಟ್ಟಿದ ಅಜ್ಜಿಯ ಮೊಮ್ಮಗ ನಾನು.

ಕ್ಲೈಡ್ ದಡದಿಂದ

ಆಹಾ, ಒಳ್ಳೆಯ ಕವಲಿಗೆ ಬಂದಿರಿ. ಇಲ್ಲಿಂದ 4-8 ಆಡಿದರೆ ಹಳೇ ಹದಿನಾಲ್ಕು. 9-13 ಆಡಿದರೆ ಯಜಮಾನ ಯಜಮಾನಿಯ ದಾರಿ. 11-16 ಆಡಿದರೆ ನಮ್ಮ ಗ್ಲಾಸ್ಗೋ. ಇನ್ನು ಮುಂದೆ ನಾನು ಬಾಯಿ ಬಿಡುವುದಿಲ್ಲ, ಹೊರಗಿನವರು ನಡೆ ಹೇಳಿಕೊಡಬಾರದು.

ಬೆಣ್ಣೆದೋಸೆ

ಗ್ಲಾಸ್ಗೋ ಆಡಿ, ಗ್ಲಾಸ್ಗೋ!

ಮಾಳಮಡ್ಡಿ

ಬೆಣ್ಣೆದೋಸೆಯವರೇ, ಈಗ ತಾನೇ ಹೇಳಿಕೊಡಬಾರದು ಅಂದರಲ್ಲ. ಮಗ ಪಕ್ಕದಲ್ಲೇ ಕೂತು ನೋಡುತ್ತಿದ್ದಾನೆ. ಗೆದ್ದವರ ಜೊತೆ ಮುಂದಿನ ಆಟ ಅವನದಂತೆ, ಜಾಗ ಕಾದಿರಿಸಿ.

ಓಹಾಯೋ ಕನ್ನಡಿಗ

ಕಾದಿರಿಸಿದೆ. ಸಣ್ಣವನು ಅಂತ ನಾನಂತೂ ಬಿಟ್ಟುಕೊಡುವುದಿಲ್ಲ, ಮೊದಲೇ ಹೇಳಿಬಿಡಿ ಅವನಿಗೆ. 4-8.